ಭಟ್ಕಳಕ್ಕೆ ಹೆಸರು ಕೊಟ್ಟವನು ಭಟ್ಟಾಕಳಂಕನೇ?

ಭಟ್ಕಳ ಅನ್ನುವ ಹೆಸರು ಹೇಗೆ ಬಂತು ಅಂತ ಯಾರನ್ನಾದರೂ ಕೇಳಿ. ಜೈನ ವಿದ್ವಾಂಸ ಭಟ್ಟಾಕಳಂಕನಿಂದ ಅಂತಾರೆ. ಹೆಸರಿನ ಬಾಲ ಕತ್ತರಿಸಿದರೆ ಊರಿನ ಹೆಸರು ಸಿಗುತ್ತದೆ, ನಂಬೋಕೆ ಕಷ್ಟವೇ ಇಲ್ಲ. ಪಕ್ಕದ ಹಾಡುವಳ್ಳಿ ಒಂದು ಕಾಲಕ್ಕೆ ಸಂಗೀತಪುರ ಎನಿಸಿಕೊಂಡಿದ್ದ ಜೈನ ರಾಜಧಾನಿ. ಭಟ್ಕಳ ಪೇಟೆಯಲ್ಲೇ ಜಟ್ಟಪ್ಪ ನಾಯಕನ ಚಂದ್ರನಾಥ ಬಸದಿ ಇದೆ. ಎದುರಿಗೆ ಮಾನಸ್ತಂಭ, ಮಾಡಿಗೆ ಹಂಚಿನ ಬದಲು ಕಲ್ಲು ಚಪ್ಪಡಿ.

ಆದರೆ ಇಸವಿ ಹೊಂದುವುದಿಲ್ಲ.

592 ಸೂತ್ರಗಳ ‘ಕರ್ಣಾಟಕ ಶಬ್ದಾನುಶಾಸನ’ವನ್ನು ಭಟ್ಟಾಕಳಂಕ ಬರೆದು ಮುಗಿಸಿದ್ದು 1604ರಲ್ಲಿ. ಕನ್ನಡದ ವ್ಯಾಕರಣ, ಸೂತ್ರಗಳು ಮಾತ್ರ ಸಂಸ್ಕೃತದಲ್ಲಿ! ಅದಕ್ಕೂ ನೂರು ವರ್ಷ ಮೊದಲು, 1502ರಲ್ಲಿ, ವಾಸ್ಕೋ ಡ ಗಾಮನ ಹಡಗುಗಳು ಈ ಬಂದರಿನ ಮೇಲೆ ಎರಗಿದ್ದವು. ಪೋರ್ಚುಗೀಸರು ಊರನ್ನು ಬಾತಿಕಾಲಾ ಅಂತ ಬರೆದಿಟ್ಟರು. ಕೆಲವೇ ವರ್ಷಗಳ ನಂತರ ಅವರಲ್ಲೇ ಒಬ್ಬ ಬರಹಗಾರ ದುವಾರ್ತೆ ಬಾರ್ಬೋಸಾ ಇಲ್ಲಿನ ವ್ಯಾಪಾರ ವರ್ಣಿಸಿದ್ದಾನೆ: ಹೊರಗೆ ಹೋಗುವುದು ಅಕ್ಕಿ, ಸಕ್ಕರೆ, ಕಬ್ಬಿಣ, ಹೊರ್ಮುಜ್‌ನಿಂದ ಬರುವುದು ಕುದುರೆ. ಅಂದರೆ ವ್ಯಾಕರಣಕಾರ ಲೇಖನಿ ಹಿಡಿಯುವ ಮೊದಲೇ ಈ ಹೆಸರು ಕಡಲಾಚೆ ಓಡಾಡುತ್ತಿತ್ತು.

ಹಾಗಂತ ಜೈನ ನಂಟನ್ನು ಪೂರ್ತಿ ತಳ್ಳಿಹಾಕೋಕೂ ಆಗಲ್ಲ. ಭಟ್ಟಾಕಳಂಕ ಅನ್ನುವುದು ಒಬ್ಬನದೇ ಹೆಸರಲ್ಲ. ಎಂಟನೇ ಶತಮಾನದ ಜೈನ ತಾರ್ಕಿಕ ಅಕಳಂಕನನ್ನೂ ಹಾಗೇ ಕರೆಯುತ್ತಿದ್ದರು. ಶಿರಸಿ ಹತ್ತಿರದ ಸೋಂದೆಯ ಜೈನ ಮಠದ ಸ್ವಾಮಿಗಳಿಗೆ ಇವತ್ತಿಗೂ ಭಟ್ಟಾಕಳಂಕ ಭಟ್ಟಾರಕ ಅನ್ನುವುದೇ ಪೀಠದ ಹೆಸರು. ಹಳೆಯ ಗುರು ಯಾರಾದರೂ ಕಾರಣವಾಗಿರಬಹುದು ಅಲ್ವಾ? ಇರಬಹುದು. ಆದರೆ ಅದು ಬರೀ ಊಹೆ. ವ್ಯಾಕರಣಕಾರನ ಕಥೆಯಂತೂ ನಿಲ್ಲುವುದಿಲ್ಲ.

ಇನ್ನೊಂದು ವಾದ ಸರಳ: ಬಟ್ಟ ಅಂದರೆ ದುಂಡು. ಬಟ್ಟಲಿನಲ್ಲಿ ಇರುವುದೂ ಅದೇ. ಗುಡ್ಡಗಳ ನಡುವಿನ ದುಂಡಗಿನ ಊರು, ಅದಕ್ಕೇ ಬಟ್ಟಕಳ. ನನಗೆ ಇದೇ ಜಾಸ್ತಿ ಸಹಜ ಅನಿಸುತ್ತದೆ. ಜನ ಊರಿಗೆ ಹೆಸರಿಡುವುದು ಸಾಮಾನ್ಯವಾಗಿ ಹೀಗೇ, ಕಣ್ಣಿಗೆ ಕಂಡದ್ದನ್ನು ನೋಡಿ. ಬಾಯಲ್ಲಿ ಬಟ್ಟ ಯಾವುದು, ಭಟ್ಟ ಯಾವುದು ಅಂತ ನಾವೇ ಬೇರೆ ಮಾಡಿ ಹೇಳುವುದು ಕಡಿಮೆ. ಇನ್ನು ಪೋರ್ಚುಗೀಸರ ‘ಬಾ’ದಿಂದ ಏನು ತೀರ್ಮಾನಿಸೋಣ? ಅವರ ಭಾಷೆಯಲ್ಲಿ ‘ಭ’ ಇಲ್ಲವೇ ಇಲ್ಲ.

ಇದೆಲ್ಲದರ ನಡುವೆ ಊರಿನ ಹಳೆಯ ಹೆಸರು ಸೂಸಗಡಿಯನ್ನು ಯಾರೂ ವಿಚಾರಿಸುವುದಿಲ್ಲ. ಅದು ಹೋಬಳಿಯ ಹೆಸರಾಗಿ ಉಳಿದಿದೆ. ಪಹಣಿ ತೆಗೆಸಿದಾಗ ಕಣ್ಣಿಗೆ ಬೀಳುತ್ತದೆ, ಅಷ್ಟೇ.