ನೋಟಿಸ್ ಕೊಟ್ಟಾಯ್ತು, ಇನ್ನು ಮನೆ ಯಾರದು?

ಪ್ರಶ್ನೆ: ಸರ್, ಮುಂದಿನ ತಿಂಗಳ ಕೊನೆಗೆ ಮನೆ ಖಾಲಿ ಮಾಡ್ತೀವಿ ಅಂತ ಓನರ್‌ಗೆ ಹೇಳಿದ್ವಿ. ಅವತ್ತಿಂದ ದಿನಾ ಮೂರು ನಾಲ್ಕು ಪಾರ್ಟಿ ಮನೆ ನೋಡೋಕೆ ಬರ್ತಿದ್ದಾರೆ. ಮೊನ್ನೆ ಊಟಕ್ಕೆ ಕೂತಿದ್ವಿ, ಬ್ರೋಕರ್ ಒಬ್ಬ ನಾಲ್ಕು ಜನರನ್ನ ಕರ್ಕೊಂಡು ಸೀದಾ ಅಡುಗೆಮನೆಗೆ ಬಂದ. ಕೇಳಿದ್ರೆ, "ನೋಟಿಸ್ ಕೊಟ್ಟ ಮೇಲೆ ಮನೆ ಓನರ್‌ದು, ನೀವೇನೂ ಹೇಳೋ ಹಾಗಿಲ್ಲ" ಅಂತಾನೆ. ಬೇಡ ಅನ್ನೋ ಹಕ್ಕು ನಮಗಿಲ್ವಾ?

ಉತ್ತರ: ಇದಕ್ಕೆ ನಾನು ಎಷ್ಟು ಸಲ ಉತ್ತರ ಹೇಳಿದ್ದೇನೆ ಅಂದರೆ, ಬಾಡಿಗೆ ಕರಾರು ಟೈಪ್ ಮಾಡುವ ನನ್ನ ಹಳೇ ಕಂಪ್ಯೂಟರಿಗೂ ಅದು ಬಾಯಿಪಾಠ ಆಗಿರಬೇಕು. ಏಪ್ರಿಲ್, ಮೇ ಬಂತೆಂದರೆ ಈ ಪ್ರಶ್ನೆಯದೇ ಸುಗ್ಗಿ. ಕಾರಣ ನಿಮಗೆ ಗೊತ್ತೇ ಇದೆ. ಶಾಲೆ ಶುರುವಾಗುವ ಮೊದಲು ಮನೆ ಬದಲಿಸಬೇಕು, ಅದರ ಬೆನ್ನಿಗೇ ಆಷಾಢ, ಆಷಾಢದಲ್ಲಿ ಹೊಸ ಮನೆಯಲ್ಲಿ ಹಾಲುಕ್ಕಿಸುವವರು ಕಡಿಮೆ. ಅಷ್ಟರೊಳಗೆ ಯಾರೂ ಒಪ್ಪಿಕೊಳ್ಳದಿದ್ದರೆ ಒಂದು ತಿಂಗಳ ಬಾಡಿಗೆ ಖೋತಾ ಎಂದು ಓನರ್‌ಗೆ ತಳಮಳ. ಆ ತಳಮಳ ಬ್ರೋಕರ್‌ನ ಚಪ್ಪಲಿ ಹಾಕಿಕೊಂಡು ನಿಮ್ಮ ಅಡುಗೆಮನೆಗೆ ಬರುತ್ತದೆ.

ನಿಮ್ಮ ಪ್ರಶ್ನೆಗೆ ಚಿಕ್ಕ ಉತ್ತರ: ಮನೆ ತೋರಿಸಿ, ಆದರೆ ಮೊದಲೇ ಹೇಳಿ ಬಂದವರಿಗೆ, ನೀವು ಒಪ್ಪಿದ ಹೊತ್ತಿನಲ್ಲಿ. ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಆ ಬ್ರೋಕರ್ ಹೇಳಿದ ಮಾತಿದೆಯಲ್ಲ, "ನೋಟಿಸ್ ಕೊಟ್ಟ ಮೇಲೆ ಮನೆ ಓನರ್‌ದು", ಅದನ್ನು ಹಾಗೇ ಬಿಡುವ ಮನಸ್ಸಿಲ್ಲ. ಓನರ್‌ಗಳು ನಂಬುತ್ತಾರೆ, ಬ್ರೋಕರ್‌ಗಳು ನಂಬಿಸುತ್ತಾರೆ, ಓದಿದ ಬಾಡಿಗೆದಾರರೂ ತಲೆಯಾಡಿಸುತ್ತಾರೆ. ನನ್ನ ಮೇಜಿನ ಎದುರು ಕೂತು ಒಬ್ಬ ಬ್ಯಾಂಕ್ ಮ್ಯಾನೇಜರರೇ ಇದನ್ನು ನನಗೆ ತಿಳಿಹೇಳಲು ಬಂದಿದ್ದರು.

ನೋಟಿಸ್ ಅಂದರೆ ಏನು? ಇಂಥ ತಾರೀಖಿಗೆ ಹೋಗುತ್ತೇನೆ ಎಂಬ ಮಾತು, ಅಷ್ಟೇ. ಬೆಂಗಳೂರಿನಲ್ಲಿ ಬಸ್ ಹತ್ತಿದವನು ಮಂಡ್ಯದಲ್ಲಿ ಇಳಿಯುತ್ತೇನೆ ಅಂದ ಮಾತ್ರಕ್ಕೆ ರಾಮನಗರದಲ್ಲೇ ಅವನ ತೊಡೆಯ ಮೇಲೆ ಇನ್ನೊಬ್ಬನನ್ನು ಕೂರಿಸಲಾಗುತ್ತದೆಯೇ? ಮಂಡ್ಯದವರೆಗೆ ಸೀಟು ಅವನದು. ಅವನು ದುಡ್ಡು ಕೊಟ್ಟಿದ್ದಾನೆ. ನೀವೂ ನೋಟಿಸ್ ತಿಂಗಳಿಗೆ ಬಾಡಿಗೆ ಕೊಡುತ್ತಿದ್ದೀರಿ, ಅರ್ಧ ಬಾಡಿಗೆಯಲ್ಲ, ಪೂರ್ತಿ.

ಕಾನೂನು ಬೇಕೆನ್ನುವವರಿಗೆ ಅದೂ ಇದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ತೆಗೆಯಿರಿ. ಮಾಲೀಕನಿಗೂ ಬಾಡಿಗೆದಾರನಿಗೂ ಇರುವ ಹಕ್ಕು, ಹೊಣೆ ಎರಡೂ ಅಲ್ಲಿವೆ. ಬಾಡಿಗೆ ಕೊಟ್ಟುಕೊಂಡು, ಕರಾರಿನಂತೆ ನಡೆದುಕೊಳ್ಳುವವನು ಅವಧಿ ಮುಗಿಯುವ ತನಕ ಅಡ್ಡಿ ಆತಂಕ ಇಲ್ಲದೆ ಮನೆ ಅನುಭವಿಸಬಹುದು ಎಂದು ಮಾಲೀಕ ಮಾತು ಕೊಟ್ಟಂತೆಯೇ ಲೆಕ್ಕ. "ಅವಧಿ ಮುಗಿಯುವ ತನಕ", ಇದರ ಕೆಳಗೆ ಗೆರೆ ಎಳೆದುಕೊಳ್ಳಿ. ನೋಟಿಸ್ ಕೊಡುವ ತನಕ ಎಂದು ಅಲ್ಲಿಲ್ಲ. ಅದೇ ಕಲಂನಲ್ಲಿ ಮುಂದೆ, ಮಾಲೀಕ ಅಥವಾ ಅವನ ಕಡೆಯವರು ಸೂಕ್ತ ಸಮಯದಲ್ಲಿ ಒಳಗೆ ಬಂದು ಮನೆಯ ಸ್ಥಿತಿ ಪರೀಕ್ಷಿಸಲು ಬಾಡಿಗೆದಾರ ಅವಕಾಶ ಕೊಡಬೇಕು ಎಂದೂ ಇದೆ. ಅಲ್ಲಿರುವುದು ಮನೆಯ ಸ್ಥಿತಿ ನೋಡುವ ಮಾತು, ಹೊಸ ಬಾಡಿಗೆದಾರರ ಮೆರವಣಿಗೆ ತರುವ ಮಾತಲ್ಲ. ಆ ಮೆರವಣಿಗೆಗೆ ಆಧಾರ ಬರುವುದು ನಿಮ್ಮ ಕರಾರಿನಿಂದ. "ನೋಟಿಸ್ ಅವಧಿಯಲ್ಲಿ ಮನೆ ತೋರಿಸಲು ಬಾಡಿಗೆದಾರರು ಸಹಕರಿಸತಕ್ಕದ್ದು" ಎಂಬ ಸಾಲು ಬಹಳಷ್ಟು ಕರಾರುಗಳಲ್ಲಿ ಇರುತ್ತದೆ, ನಾನೂ ಹಾಕುತ್ತೇನೆ. ಸಹಕರಿಸುವುದು ಅಂದರೆ ಬಾಗಿಲು ತೆರೆದಿಟ್ಟು ಮೂಲೆಗೆ ಸರಿದು ನಿಲ್ಲುವುದಲ್ಲ. ಆ ಸಾಲು ಇದ್ದೂ ಯಾರನ್ನೂ ಒಳಗೆ ಬಿಡೆನು ಎಂದರೆ ಮಾತ್ರ ತಪ್ಪು ನಿಮ್ಮದು.

ಇಷ್ಟು ಹೇಳಿದ ಮೇಲೆ ಬರುವ ಮಾತು: "ನಮ್ಮ ಹನ್ನೊಂದು ತಿಂಗಳ ಕರಾರು ಯಾವತ್ತೋ ಮುಗಿದಿದೆ, ರಿನ್ಯೂ ಮಾಡಿಸಿಲ್ಲ, ಹಾಗಾದ್ರೆ ನಮಗೆ ಹಕ್ಕಿಲ್ಲ ಅಲ್ವಾ?" ಇದೆ ಮಹರಾಯರೇ. ಅವಧಿ ಮುಗಿದ ಮೇಲೂ ಓನರ್ ಬಾಡಿಗೆ ತೆಗೆದುಕೊಳ್ಳುತ್ತಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಲ್ಲಿ, ವಾಸದ ಮನೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ಮುಂದುವರಿದಂತೆ. ಅದು ಅದೇ ಕಾಯ್ದೆಯ 116ನೇ ಕಲಂ. ಇನ್ನು ಕೆಲವರು 1999ರ ಕರ್ನಾಟಕ ಬಾಡಿಗೆ ಕಾಯ್ದೆ ಹಿಡಿದು ಬರುತ್ತಾರೆ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಗೆ ಅದು ಅನ್ವಯವೇ ಆಗುವುದಿಲ್ಲ. ಆ ಬಾಡಿಗೆಗೆ ಈಗ ಸಿಗುವುದು ಸ್ಕೂಟರ್ ನಿಲ್ಲಿಸುವ ಜಾಗ. ಪಿಜಿಯವರ ಕಥೆ ಬೇರೆ, ಅದನ್ನು ಇಲ್ಲಿ ಎಳೆಯುವುದಿಲ್ಲ.

"ಡೂಪ್ಲಿಕೇಟ್ ಕೀ ಅವರ ಹತ್ತಿರ ಇದೆಯಲ್ಲ ಸರ್?" ಇದ್ದರೇನು? ನಿಮ್ಮ ಬೈಕಿನ ಇನ್ನೊಂದು ಕೀ ನಿಮ್ಮ ಭಾವಮೈದುನನ ಹತ್ತಿರವೂ ಇರಬಹುದು. ಈ ಡೂಪ್ಲಿಕೇಟ್ ಕೀ ಸುಖವನ್ನು ನಾನೇ ಉಂಡಿದ್ದೇನೆ. ಹನುಮಂತನಗರದಲ್ಲಿ ಬಾಡಿಗೆಗಿದ್ದಾಗ ಒಂದು ಭಾನುವಾರ ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿಕೊಂಡು ಬಚ್ಚಲಿನಲ್ಲಿ ಕೂತಿದ್ದೆ. ಹೊರಗೆ ಬಾಗಿಲು ತೆಗೆದ ಸದ್ದು, ಆಮೇಲೆ ಓನರ್ ದನಿ: "ಇದು ಹಾಲು, ಅದು ರೂಮು, ಇದು ಬಾತ್‌ರೂಮು." ಬಾತ್‌ರೂಮಿನ ಬಾಗಿಲನ್ನು ಯಾರೋ ಎರಡು ಸಲ ತಳ್ಳಿದರು. "ಜಾಮ್ ಆಗಿದೆ, ಸರಿ ಮಾಡಿಸಿಕೊಡ್ತೀನಿ" ಎಂದು ಓನರ್ ಸಮಾಧಾನ ಹೇಳಿದರು. ಒಳಗೆ ನಾನು ಚಿಲಕ ಹಿಡಿದುಕೊಂಡು ನಿಂತಿದ್ದೆ.

ಕಾನೂನಿನ ಕಣ್ಣಿಗೆ ಕೀ ಅಲ್ಲ, ಸ್ವಾಧೀನ ಮುಖ್ಯ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಅತಿಕ್ರಮ ಪ್ರವೇಶದ್ದು. ಅಲ್ಲಿರುವುದು "ಇನ್ನೊಬ್ಬರ ಸ್ವಾಧೀನದಲ್ಲಿರುವ ಸ್ವತ್ತು" ಎಂದು, ಇನ್ನೊಬ್ಬರ ಮಾಲೀಕತ್ವದ್ದು ಎಂದಲ್ಲ. ಅಂದರೆ ಮಾಲೀಕನೂ ತನ್ನದೇ ಕಟ್ಟಡದಲ್ಲಿ ಅತಿಕ್ರಮ ಮಾಡಬಹುದು. ಹಾಗಂತ ಬ್ರೋಕರ್ ಒಳಗೆ ಬಂದ ಕೂಡಲೇ ಸ್ಟೇಷನ್‌ಗೆ ಓಡಬೇಡಿ. ಅಪರಾಧ ಆಗಬೇಕಾದರೆ ಹೆದರಿಸುವ, ಅವಮಾನಿಸುವ, ಕಿರುಕುಳ ಕೊಡುವ ಉದ್ದೇಶವೋ ಬೇರೆ ಅಪರಾಧದ ಉದ್ದೇಶವೋ ಇರಬೇಕು. ನಮ್ಮ ಓನರ್‌ಗೆ ಇದ್ದದ್ದು ಬಾಡಿಗೆಯ ಆತುರ ಮಾತ್ರ. ನೀವಿಲ್ಲದಾಗ ಬೀಗ ಬದಲಿಸಿ ಹೊರಗೆ ಹಾಕಿದರೆ ಆಗ ವಿಷಯ ಗಂಭೀರ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ ಆರು ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಪಡೆಯಬಹುದು, ಮನೆ ಯಾರ ಹೆಸರಿನಲ್ಲಿದೆ ಎಂಬ ವಾದ ಅಲ್ಲಿ ನಡೆಯುವುದಿಲ್ಲ.

ಆಯಿತಲ್ಲ? ಕೀಲಿ ಕೈಗೆ ಕೊಡುವ ದಿನದ ತನಕ ಮನೆ ನಿಮ್ಮ ಸ್ವಾಧೀನ. ಇನ್ನೊಮ್ಮೆ ಕೇಳಬೇಡಿ.

ಇದನ್ನು ಓದಿ ಎದೆಯುಬ್ಬಿಸಿಕೊಂಡು ಬಾಗಿಲು ಹಾಕಿಕೊಳ್ಳುವವರಿಗೆ ಒಂದು ಮಾತು. ನಿಮ್ಮ ಅಡ್ವಾನ್ಸ್ ಎಲ್ಲಿದೆ ಎಂದುಕೊಂಡಿದ್ದೀರಿ? ಓನರ್ ಬೀರುವಿನಲ್ಲಿ ನಿಮ್ಮ ಹೆಸರು ಬರೆದ ಲಕೋಟೆಯಲ್ಲಿ? ಅದು ಮೇಲಿನ ಮಹಡಿಯ ಗಾರೆಯಲ್ಲಿದೆ, ಮಗಳ ಮದುವೆ ಛತ್ರದ ಬಿಲ್ಲಿನಲ್ಲಿದೆ. ಬೆಂಗಳೂರಿನಲ್ಲಿ ಹಳಬರ ಅಡ್ವಾನ್ಸ್ ವಾಪಸ್ ಬರುವುದು ಹೊಸಬರ ಅಡ್ವಾನ್ಸ್‌ನಿಂದ. ಹೊಸಬರು ಸಿಗುವ ತನಕ ಕೊಡುವುದಿಲ್ಲ ಅನ್ನಲು, ಕರಾರಿನಲ್ಲಿ ಹಾಗೆ ಬರೆದಿರದಿದ್ದರೆ, ಆಧಾರವಿಲ್ಲ, ನಿಜ. ಆದರೆ ಆಧಾರ ಇಲ್ಲವೆಂದು ಸಾಬೀತು ಮಾಡಲು ಕೋರ್ಟಿನ ಮೆಟ್ಟಿಲು ಹತ್ತುವುದಕ್ಕಿಂತ ಶನಿವಾರ ಎರಡು ಗಂಟೆ ಮನೆ ತೋರಿಸುವುದು ಸಲೀಸು. ಭೋಗ್ಯಕ್ಕೆ ಲಕ್ಷಗಟ್ಟಲೆ ಕೊಟ್ಟು ಕೂತವರಂತೂ ಬಂದವರಿಗೆ ಕಾಫಿ ಕೊಟ್ಟು ತೋರಿಸಬೇಕು. ಈಗ ನನ್ನದೂ ಒಂದು ಮಹಡಿ ಬಾಡಿಗೆಗಿದೆ, ಆ ಕಡೆಯ ಸಂಕಟವೂ ಗೊತ್ತು. ಒಬ್ಬ ಹುಡುಗ ಮೂರು ವಾರ "ಊರಲ್ಲಿದ್ದೀನಿ ಅಂಕಲ್" ಅನ್ನುತ್ತಿದ್ದ. ಅವನ ಸ್ಕೂಟರ್ ಮಾತ್ರ ದಿನಾ ಸಂಜೆ ಏಳಕ್ಕೆ ಬಂದು ಕೆಳಗೆ ನಿಲ್ಲುತ್ತಿತ್ತು.

ನಾನು ಎಲ್ಲರಿಗೂ ಹೇಳುವುದು ಇಷ್ಟೇ. ನೋಟಿಸ್ ಕೊಟ್ಟ ದಿನವೇ ಓನರ್‌ಗೆ ಒಂದು ವಾಟ್ಸಾಪ್ ಹಾಕಿ:

"ಅಂಕಲ್ ನಮಸ್ಕಾರ. ಮನೆ ತೋರಿಸೋಕೆ ಬುಧವಾರ ಸಂಜೆ 6ರಿಂದ 8, ಶನಿವಾರ ಬೆಳಿಗ್ಗೆ 10ರಿಂದ 1 ನಮಗೆ ಅನುಕೂಲ. ಹಿಂದಿನ ದಿನ ಒಂದು ಮೆಸೇಜ್ ಹಾಕಿಬಿಡಿ. ಬ್ರೋಕರ್‌ಗೂ ಇದೇ ಹೇಳಿ. ನಾವಿಲ್ಲದಾಗ ಬಾಗಿಲು ತೆಗೆಯೋದು ಬೇಡ. ಫೋಟೊ ಬೇಕಿದ್ರೆ ಹೇಳಿ, ಸಾಮಾನು ಎತ್ತಿಟ್ಟು ನಾವೇ ತೆಗೆದು ಕಳಿಸ್ತೀವಿ."

ಶನಿವಾರ ಹತ್ತು ಅಂದರೂ ಜನ ಬರುವುದು ಹತ್ತೂವರೆಯ ಮೇಲೆಯೇ, ರಾಹುಕಾಲ ಕಳೆಯಬೇಕಲ್ಲ. ಹಿಂದಿನ ದಿನ ಹೇಳಬೇಕೆನ್ನುವುದು ನನ್ನ ಹಟವಲ್ಲ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲೂ ಒಳಗೆ ಬರುವ 24 ಗಂಟೆ ಮೊದಲು ಬರಹದಲ್ಲೋ ಮೆಸೇಜಿನಲ್ಲೋ ತಿಳಿಸಬೇಕೆಂದಿದೆ. ಅದು ಮಾದರಿ ಮಾತ್ರ, ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರಷ್ಟೇ ಕಟ್ಟುನಿಟ್ಟು. ಆದರೂ ಓನರ್ ಜೊತೆ ಮಾತಾಡುವಾಗ ಅಳತೆಗೋಲಾಗಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಮಗುವಿಗೆ ಪರೀಕ್ಷೆ, ಮನೆಯಲ್ಲಿ ಜ್ವರ ಇದ್ದರೆ ಆ ದಿನ ಬೇಡ ಅನ್ನಿ, ಜೊತೆಗೇ ಬೇರೆ ದಿನ ಹೇಳಿ. ಫೋಟೊ ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ. ಬ್ರೋಕರ್ ತೆಗೆದ ವಿಡಿಯೊದಲ್ಲಿ ನಿಮ್ಮ ದೇವರ ಗೂಡು, ಹಾಸಿಗೆ, ಒಣಹಾಕಿದ ಬಟ್ಟೆ ಎಲ್ಲ ಊರು ಸುತ್ತುತ್ತವೆ.

ಈಗ ನೀವು ಕೇಳದ ಒಂದು ಪ್ರಶ್ನೆ. ಬಂದವರು ಓನರ್ ಆ ಕಡೆ ತಿರುಗಿದಾಗ ಮೆಲ್ಲಗೆ ಕೇಳುತ್ತಾರೆ: "ಕಾವೇರಿ ನೀರು ಸರಿಯಾಗಿ ಬರತ್ತಾ? ಮಳೆ ಬಂದ್ರೆ ಸೋರತ್ತಾ? ಓನರ್ ಹೇಗೆ?" ಏನು ಹೇಳಬೇಕು? ಅದೇ 108ನೇ ಕಲಂ ಶುರುವಾಗುವುದೇ ಇಲ್ಲಿಂದ. ಸಾಮಾನ್ಯ ಎಚ್ಚರದಲ್ಲಿ ನೋಡಿದರೂ ಕಣ್ಣಿಗೆ ಬೀಳದ ದೊಡ್ಡ ದೋಷ ಮನೆಯಲ್ಲಿದ್ದು, ಅದು ತನಗೆ ಗೊತ್ತಿದ್ದರೆ, ಹೊಸಬರಿಗೆ ತಿಳಿಸಬೇಕಾದ್ದು ಮಾಲೀಕ. ಹೊಣೆ ಅವರದು, ನಿಮ್ಮದಲ್ಲ. ಆದ್ದರಿಂದ ಕೇಳದಿದ್ದರೆ ನೀವಾಗಿ ಮನೆಯ ಜಾತಕ ಬಿಚ್ಚಬೇಕಿಲ್ಲ. ಕೇಳಿದರೆ ಸುಳ್ಳು ಹೇಳಬೇಡಿ. "ಎರಡು ದಿನಕ್ಕೊಮ್ಮೆ ಬರತ್ತೆ, ಏಪ್ರಿಲ್‌ನಲ್ಲಿ ಟ್ಯಾಂಕರ್ ತರಿಸಿದ್ವಿ" ಅಂದರೆ ಮುಗಿಯಿತು. ಓನರ್ ಹೇಗೆ ಎಂಬುದಕ್ಕೆ ನಕ್ಕುಬಿಡಿ, ಅವರಿಗೆ ಅರ್ಥವಾಗುತ್ತದೆ.

ಹನುಮಂತನಗರದ ಆ ಮನೆಯ ಪಶ್ಚಿಮದ ಗೋಡೆಗೆ ಪ್ರತಿ ಮಳೆಗಾಲ ತೇವ ಹಿಡಿದು ಸುಣ್ಣ ಉದುರುತ್ತಿತ್ತು. ಜನ ನೋಡಲು ಬರುವ ಮೊದಲು ಓನರ್ ಅಲ್ಲೊಂದು ಮೊಳೆ ಹೊಡೆದು ದೊಡ್ಡ ಕ್ಯಾಲೆಂಡರ್ ನೇತುಹಾಕಿಸಿದರು, ನಾನೂ ಸುಮ್ಮನಿದ್ದೆ. ಬಂದ ಕುಟುಂಬದಲ್ಲಿ ಒಬ್ಬರು ಅಜ್ಜಿ. ಬರುವ ಏಕಾದಶಿ ಯಾವತ್ತು ಎಂದು ನೋಡಲು, ಕಣ್ಣು ಕಾಣದೆ, ಕ್ಯಾಲೆಂಡರನ್ನು ಮೊಳೆಯಿಂದಲೇ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹೋದರು. ಹಾಲಿನಲ್ಲಿ ಯಾರೂ ಮಾತಾಡಲಿಲ್ಲ. ಅಜ್ಜಿ ತಾರೀಖು ನೋಡಿಕೊಂಡು ಬಂದು, ಗೋಡೆ ನೋಡಿ, ಬೆರಳಲ್ಲಿ ಒಂದಿಷ್ಟು ಸುಣ್ಣ ಕೆರೆದು, "ಇದನ್ನ ಸರಿ ಮಾಡಿಸಿಕೊಟ್ರೆ ಬರ್ತೀವಿ ಅಂತ ಹೇಳಪ್ಪ" ಎಂದು ಮಗನಿಗೆ ಹೇಳಿದರು. ಆರು ವರ್ಷ ನಾನು ಕೇಳಿ ಕೇಳಿ ಆಗದಿದ್ದ ಕೆಲಸಕ್ಕೆ ಸೋಮವಾರ ಬೆಳಿಗ್ಗೆಯೇ ಗಾರೆಯವರು ಬಂದರು. ನನ್ನ ನೋಟಿಸ್ ಮುಗಿಯಲು ಇನ್ನೂ ಹನ್ನೆರಡು ದಿನ ಇತ್ತು.