ಆ ಜಾಗದಲ್ಲಿ ಗುಳ್ಳೆ ಕಂಡರೆ

ಸ್ನಾನ ಮಾಡುವಾಗ ಶಿಶ್ನದ ಮೇಲೆ ಏನೋ ಕೈಗೆ ತಗಲುತ್ತದೆ. ಮೊದಲಿಂದ ಇತ್ತಾ, ಹೊಸದಾ, ಗೊತ್ತಾಗಲ್ಲ. ಬಿಟಿಎಂ ಲೇಔಟಿನ ಪಿಜಿ ಹುಡುಗನಾಗಲಿ, ಮಲ್ಲೇಶ್ವರದ ಐವತ್ತು ದಾಟಿದ ಅಂಕಲ್ ಆಗಲಿ, ಮುಂದೆ ಮಾಡುವುದು ಒಂದೇ: ಬಾಗಿಲು ಹಾಕಿಕೊಂಡು ಮೊಬೈಲ್ ಟಾರ್ಚ್ ಹಿಡಿಯುವುದು, ಆಮೇಲೆ ರಾತ್ರಿಯೆಲ್ಲ ಗೂಗಲ್. ಬೆಳಗಾಗುವಷ್ಟರಲ್ಲಿ ಕ್ಯಾನ್ಸರ್ ಅಂತ ತೀರ್ಮಾನವೂ ಆಗಿರುತ್ತದೆ.

ಎಷ್ಟೋ ಸಲ ಅದು ಕಾಯಿಲೆಯೇ ಅಲ್ಲ. ಎಣ್ಣೆ ಗ್ರಂಥಿಗಳು ಸಾಮಾನ್ಯವಾಗಿ ಕೂದಲಿನ ಬುಡಕ್ಕೆ ಅಂಟಿಕೊಂಡಿರುತ್ತವೆ. ಇಲ್ಲಿ ಕೆಲವು ಕೂದಲಿಲ್ಲದೆ ನೇರ ಚರ್ಮಕ್ಕೇ ಬಾಯಿ ತೆರೆದಿರುತ್ತವೆ. ಒಂದರಿಂದ ಮೂರು ಮಿಲಿಮೀಟರಿನ ತಿಳಿಹಳದಿ ಚುಕ್ಕೆಗಳು, ಚರ್ಮ ಎಳೆದು ಹಿಡಿದರೆ ಇನ್ನೂ ಚೆನ್ನಾಗಿ ಕಾಣುತ್ತವೆ. ಇವು ಫೋರ್ಡೈಸ್ ಚುಕ್ಕೆಗಳು, ತುಟಿಯ ಮೇಲೂ ಇರುತ್ತವೆ. ಇನ್ನು ಶಿಶ್ನದ ತುದಿಯ ಅಂಚಿನಲ್ಲಿ ಒಂದೇ ಅಳತೆಯ ಪುಟ್ಟ ಬೊಕ್ಕೆಗಳು ಸಾಲಾಗಿ ನಿಂತಿದ್ದರೆ ಅದು ಪರ್ಲಿ ಪ್ಯಾಪ್ಯೂಲ್. ವಯಸ್ಸಾದಂತೆ ತಾನೇ ಕಮ್ಮಿಯಾಗುತ್ತದೆ. ಎರಡೂ ಯಾರಿಗೂ ಅಂಟುವುದಿಲ್ಲ, ಚಿಕಿತ್ಸೆಯೂ ಬೇಡ. ಉಗುರಿನಲ್ಲಿ ಚಿವುಟಿ ಗಾಯ ಮಾಡಿಕೊಳ್ಳುವವರೇ ಜಾಸ್ತಿ, ಅದೇ ಬೇಜಾರು.

ಶೇವ್ ಮಾಡಿದ ಮೇಲೆ ಕೂದಲು ಒಳಗೇ ಬೆಳೆದು ಕೆಂಪಗೆ ಊದಿಕೊಂಡರೆ ಮುಟ್ಟಿದರೂ ನೋವು. ಜನ ಇದಕ್ಕೆ ಹೆದರಿ ಓಡುತ್ತಾರೆ. ಆದರೆ ಇದು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ.

ನೋವಿಲ್ಲದ್ದನ್ನು ಮಾತ್ರ ಸುಮ್ನೆ ಬಿಟ್ಟುಬಿಡುತ್ತಾರೆ, ನನ್ನ ತಕರಾರು ಇರುವುದೇ ಅಲ್ಲಿ. ಲೈಂಗಿಕ ಸಂಪರ್ಕದಿಂದ ಅಂಟುವ ಬ್ಯಾಕ್ಟೀರಿಯಾ ಕಾಯಿಲೆ ಸಿಫಿಲಿಸ್ಸನ್ನೇ ನೋಡಿ. ಸೋಂಕಿರುವವರ ಜೊತೆ ಸೇರಿದ ಸುಮಾರು ಮೂರು ವಾರಕ್ಕೆ, ಕೆಲವೊಮ್ಮೆ 10 ದಿನಕ್ಕೇ, ಕೆಲವೊಮ್ಮೆ 90 ದಿನದ ಹೊತ್ತಿಗೆ, ಒಂದು ಸಣ್ಣ ಬೊಕ್ಕೆ ಎದ್ದು ಒಡೆದು ಹುಣ್ಣಾಗುತ್ತದೆ. ಅಂಚು ಗಟ್ಟಿ, ತಳ ಶುಭ್ರ, ನೋವು ಸಾಮಾನ್ಯವಾಗಿ ಇರುವುದಿಲ್ಲ. ಮೂರರಿಂದ ಆರು ವಾರದಲ್ಲಿ ಮಾಯುತ್ತದೆ, ಔಷಧಿ ಇಲ್ಲದೆಯೇ. ಸದ್ಯ ಹೋಯ್ತು ಅಂದುಕೊಂಡಿರುವಾಗ ಬ್ಯಾಕ್ಟೀರಿಯಾ ಒಳಗೇ ಇರುತ್ತದೆ. ಮುಂದೆ ಅಂಗೈ ಅಂಗಾಲಿನಲ್ಲೂ ದದ್ದು, ವರ್ಷಗಳ ನಂತರ ಹೃದಯ, ಮೆದುಳಿಗೂ ಪೆಟ್ಟು. ಶುರುವಿನಲ್ಲೇ ಹಿಡಿದರೆ ಸಾಮಾನ್ಯವಾಗಿ ಒಂದು ಡೋಸ್ ಪೆನಿಸಿಲಿನ್ ಇಂಜೆಕ್ಷನ್ ಸಾಕು. ಆದರೆ ತೀರಾ ಬೇಗ ರಕ್ತ ಪರೀಕ್ಷೆ ಮಾಡಿಸಿದರೆ ನೆಗೆಟಿವ್ ಬರಬಹುದು, ಹಾಗಾಗಿ ಮತ್ತೆ ಮಾಡಿಸಲು ಹೇಳಿದರೆ ಹೋಗಬೇಕು.

ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ಅನ್ನುವ ವೈರಸ್ಸಿನ ನರಹುಲಿಯೂ ಹೀಗೇ, ಹೆಚ್ಚಾಗಿ ನೋವಿಲ್ಲ. ಹೆಚ್ಚಿನವು ಆ ವೈರಸ್ಸಿನ 6 ಮತ್ತು 11ನೇ ಬಗೆಯಿಂದ ಬರುತ್ತವೆ. ಮೇಲ್ಮೈ ಹೂಕೋಸಿನ ಹಾಗೆ ಒರಟು. ಸೋಂಕು ತಗಲಿ ತಿಂಗಳುಗಳಾದ ಮೇಲೂ ಏಳಬಹುದು, ಅದಕ್ಕೇ 'ಯಾರಿಂದ ಬಂತು' ಅಂತ ಮನೆಯಲ್ಲಿ ಜಗಳ ಆಡಿ ಪ್ರಯೋಜನವಿಲ್ಲ. ನಡುವೆ ಸಣ್ಣ ಕುಳಿ ಇರುವ ನುಣುಪು ಬೊಕ್ಕೆ ಮೊಲಸ್ಕಮ್ ಅನ್ನುವ ವೈರಸ್ ಸೋಂಕು ಇರಬಹುದು. ರಾತ್ರಿ ತಡೆಯಲಾರದ ತುರಿಕೆ, ಬೀಜದ ಚೀಲದ ಮೇಲೂ ಗಂಟು, ಮನೆಯವರಿಗೂ ಕೆರೆತ ಅಂದರೆ ಕಜ್ಜಿಯ ಹುಳದ ಕೆಲಸ. ಗುಂಪಾಗಿ ಎದ್ದು ಉರಿಯುವ ನೀರುಗುಳ್ಳೆ ಹರ್ಪಿಸ್ ಅನ್ನುವ ವೈರಸ್ ಸೋಂಕು ಇರಬಹುದು.

ಕ್ಯಾನ್ಸರ್ ಅಪರೂಪ. ಆದರೆ ವಾರಗಟ್ಟಲೆ ಮಾಯದ, ಬೆಳೆಯುತ್ತಲೇ ಇರುವ, ರಕ್ತ ಒಸರುವ ಗಂಟನ್ನು ತಡಮಾಡದೆ ತೋರಿಸಬೇಕು, ಅದರಲ್ಲೂ ಮುಂದೊಗಲು ಹಿಂದೆ ಸರಿಯದವರು, ಬೀಡಿ ಸಿಗರೇಟು ಸೇದುವವರು. ಗಂಟು ಚರ್ಮದಲ್ಲಿಲ್ಲದೆ ಬೀಜದಲ್ಲೇ ಇದ್ದರೆ ಅಲ್ಟ್ರಾಸೌಂಡ್ ಮಾಡಿಸಲೇಬೇಕು.

ಮೆಡಿಕಲ್ ಶಾಪಿನವನನ್ನು ಕೇಳಿ ಟ್ಯೂಬ್ ತಂದು ಹಚ್ಚುವುದೊಂದು ಚಾಳಿ. ಅಂಥ ಎಷ್ಟೋ ಟ್ಯೂಬುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ಕೆಂಪು, ತುರಿಕೆ ಎರಡು ದಿನದಲ್ಲಿ ಇಳಿಯುತ್ತದೆ, ಸೋಂಕು ಮಾತ್ರ ಒಳಗೊಳಗೇ ಹರಡುತ್ತದೆ, ಚರ್ಮ ಇನ್ನೂ ತೆಳುವಾಗುತ್ತದೆ. ಕೊನೆಗೆ ಡಾಕ್ಟರ ಮುಂದೆ ನಿಂತಾಗ ನೋಡಿ ಗುರುತಿಸಲು ಮೂಲ ರೂಪವೇ ಉಳಿದಿರುವುದಿಲ್ಲ.

ಹೋಗಬೇಕಾದದ್ದು ಚರ್ಮರೋಗದವರ ಹತ್ತಿರ. ಬೆಂಗಳೂರಿನ ಬೌರಿಂಗ್, ವಿಕ್ಟೋರಿಯಾ ಆಸ್ಪತ್ರೆಗಳಲ್ಲೂ ಆ ವಿಭಾಗ ಇದೆ. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಲೈಂಗಿಕ ಸೋಂಕಿಗೆ ಉಚಿತ ಚಿಕಿತ್ಸೆ, ವಿಷಯ ಗುಟ್ಟಾಗಿ ಇಡುತ್ತಾರೆ. ಬಹಳಷ್ಟು ಸಲ ಕಣ್ಣಲ್ಲಿ ನೋಡಿಯೇ ಹೇಳಿಬಿಡುತ್ತಾರೆ. ಯಾವಾಗಿಂದ ಇದೆ, ಏನು ಹಚ್ಚಿದಿರಿ, ಯಾರ ಜೊತೆ ಸೇರಿದ್ದಿರಿ ಅಂತ ಕೇಳಿದರೆ ಮುಚ್ಚಿಡಬೇಡಿ. ಸೋಂಕು ಅಂತಾದರೆ ಸಂಗಾತಿಯನ್ನೂ ಕರೆದುಕೊಂಡು ಹೋಗಬೇಕು, ಇಲ್ಲದಿದ್ದರೆ ಗುಣವಾದವನಿಗೇ ಮತ್ತೆ ಅಂಟುತ್ತದೆ.