ವೀರಗಲ್ಲು ಸತ್ತೋರಿಗೆ, ವಾಪಸ್ ಬಂದೋರಿಗೆ ಏನು?

ಶಿಕಾರಿಪುರದಿಂದ ಬಳ್ಳಿಗಾವಿ ಕಡೆ ಹೋದ್ರೆ ವೀರಗಲ್ಲು ನೋಡ್ದೆ ಬರೋಕಾಗಲ್ಲ. ಕೆಳಗಿನ ಪಟ್ಟೀಲಿ ಕಾಳಗ, ನಡುವೆ ಅಪ್ಸರೆಯರು ವೀರನ್ನ ಕರ್ಕೊಂಡು ಹೋಗ್ತಿರೋದು, ಮೇಲೆ ಕೈಲಾಸ. ಯುದ್ಧದ ದುಃಖಾನ ಕಲ್ಲಲ್ಲಿ ಕೆತ್ತಿ ಊರೆದುರು ನಿಲ್ಸೋದು ನಮ್ ಕಡೆಯೋರಿಗೆ ಸಾವಿರ ವರ್ಷದಿಂದ ಗೊತ್ತು, ಆದ್ರೆ ಅದು ಸತ್ತೋರಿಗೆ. ಬದುಕಿ ಬಂದು ರಾತ್ರಿ ನಿದ್ದೆ ಇಲ್ದೆ ಜಗುಲೀಲಿ ಕೂತಿರೋನಿಗೆ ಯಾವ ಕಲ್ಲೂ ಇಲ್ಲ.

ನಮ್ಮ ದೊಡ್ಡಪ್ಪ ಹಂಗೆ ಬಂದೋರು. 1987ರಲ್ಲಿ ಭಾರತದ ಶಾಂತಿ ಪಾಲನಾ ಪಡೆ ಜೊತೆ ಶ್ರೀಲಂಕಾಕ್ಕೆ ಹೋಗಿದ್ರು, ಆಮೇಲೆ ಪಿಂಚಣಿ ತಗೊಂಡು ಸಾಗರದ ಹತ್ರ ಊರಿಗೆ ಬಂದ್ರು. ತೋಟದಲ್ಲಿ ಮಂಗ ಓಡ್ಸೋಕೆ ಯಾರಾದ್ರೂ ಗರ್ನಾಲ್ ಪಟಾಕಿ ಹೊಡೆದ್ರೆ ಸಾಕು, ಎಲ್ಲಿದ್ರೂ ನೆಲಕ್ಕೆ ಬಿದ್ದುಬಿಡೋರು, ಆಮೇಲೆ ಎದ್ದು ಪಂಚೆ ಕೊಡವ್ಕೊಂಡು ಸುಮ್ನೆ ಒಳಗೆ ಹೋಗೋರು, ಮಕ್ಕಳು ನಾವು ನಗ್ತಿದ್ವಿ, ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಕಿವುಚುತ್ತೆ.

ಇದಕ್ಕೊಂದು ಹೆಸರು ಸಿಗೋಕೇ ಎಷ್ಟು ಕಾಲ ಹಿಡೀತು ನೋಡಿ. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಅನ್ನೋ ಬ್ರಿಟಿಷ್ ವೈದ್ಯರು ಲ್ಯಾನ್ಸೆಟ್ ಪತ್ರಿಕೇಲಿ ‘ಶೆಲ್ ಶಾಕ್’ ಅಂತ ಬರೆದ್ರು, ಆದ್ರೂ ಎಷ್ಟೋ ಸೈನಿಕರು ಹೇಡಿ ಅಂತಾನೇ ಅನ್ನಿಸ್ಕೊಂಡ್ರು. ಪಿಟಿಎಸ್‌ಡಿ ಅಂದ್ರೆ ಭಯಾನಕ ಘಟನೆ ಆದ್ಮೇಲೂ ಬಿಡದೆ ಕಾಡೋ ಮನಸ್ಸಿನ ಕಾಯಿಲೆ, ಅದು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧ ಮುಗಿದು ಐದು ವರ್ಷ ಆದ್ಮೇಲೆ.

ಬಣ್ಣ ಹಿಡಿದು ಮನಸ್ಸು ಹಗುರ ಮಾಡ್ಕೊಳ್ಳೋದು ಮಾತ್ರ ಆ ಹೆಸರಿಗಿಂತ ಮೊದ್ಲೇ ಬಂದಿತ್ತು. ಏಡ್ರಿಯನ್ ಹಿಲ್ ಅಂತ ಒಬ್ರು ಬ್ರಿಟಿಷ್ ಕಲಾವಿದರು, ಮೊದಲ ಮಹಾಯುದ್ಧದಲ್ಲಿ ಶತ್ರುಗಳ ಕಂದಕದ ಹತ್ರ ತೆವಳ್ಕೊಂಡು ಹೋಗಿ ಜಾಗದ ಸ್ಕೆಚ್ ಮಾಡ್ಕೊಂಡು ಬರೋದು ಅವ್ರ ಕೆಲಸ. 1938ರಲ್ಲಿ ಟಿಬಿ ಆಗಿ ಸ್ಯಾನಿಟೋರಿಯಂ ಸೇರಿದ್ರು, ಹಾಸಿಗೆ ಪಕ್ಕ ಇದ್ದಿದ್ದರ ಚಿತ್ರ ಬರೀತಾ ಬರೀತಾ ಮನಸ್ಸು ಹಗುರ ಆಗೋದು ಗೊತ್ತಾಯ್ತು. ಎರಡನೇ ಯುದ್ಧದ ಗಾಯಾಳುಗಳು ಅಲ್ಲಿಗೇ ಬಂದಾಗ ಅವ್ರಿಗೂ ಪೆನ್ಸಿಲ್ ಕೊಟ್ಟು ಕಲಿಸಿದ್ರು. ‘ಆರ್ಟ್ ಥೆರಪಿ’, ಅಂದ್ರೆ ಕಲೆಯಿಂದ ಉಪಚಾರ, ಅನ್ನೋ ಮಾತು 1942ರಲ್ಲಿ ಅವ್ರಿಂದಲೇ ಬಂತು. ನನಗೆ ಇದ್ರಲ್ಲಿ ಮುಖ್ಯ ಅನ್ಸೋದು, ಶುರು ಮಾಡಿದೋರು ಡಾಕ್ಟರಲ್ಲ, ಯುದ್ಧ ಕಂಡಿದ್ದ ಒಬ್ಬ ರೋಗಿ.

2007ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಇರಾಕ್‌ನಿಂದ ಬಂದ ಮಾಜಿ ಸೈನಿಕರು ತಮ್ಮ ಯೂನಿಫಾರ್ಮನ್ನೇ ಕತ್ತರಿಸಿ, ನೆನೆಸಿ, ಅರೆದು ಕಾಗದ ಮಾಡಿ ಅದ್ರ ಮೇಲೆ ಬರೆಯೋಕೆ ಶುರು ಮಾಡಿದ್ರು. ಅಮೆರಿಕದ್ದೇ ವಾಲ್ಟರ್ ರೀಡ್ ಮಿಲಿಟರಿ ಆಸ್ಪತ್ರೇಲಿ ಸೈನಿಕರ ಕೈಲಿ ಮುಖವಾಡ ಮಾಡಿಸ್ತಾರೆ, ಕೆಲವ್ರು ಅದ್ರ ಬಾಯಿ ಹೊಲಿದುಬಿಟ್ಟಿದ್ರು. ಭಯದ ನೆನಪು ಎಷ್ಟೋ ಸಲ ಸದ್ದಾಗಿ, ವಾಸನೆಯಾಗಿ ಬರುತ್ತೆ, ಮಾತಾಗಿ ಬರೋದು ಕಷ್ಟ, ಅದಕ್ಕೇ ‘ಏನಾಯ್ತು ಹೇಳು’ ಅಂದ್ರೆ ಅವ್ರ ಗಂಟಲು ಕಟ್ಟೋದು. ನಮ್ಮಲ್ಲೂ ಪುಣೆಯ ಕಿರ್ಕಿ ಪುನರ್ವಸತಿ ಕೇಂದ್ರದಲ್ಲಿ ಬೆನ್ನುಹುರಿಗೆ ಏಟು ಬಿದ್ದ ಕೆಲವು ಯೋಧರು ಬಾಯಲ್ಲಿ ಕುಂಚ ಹಿಡಿದು ಚಿತ್ರ ಬರೀತಾರೆ.

ಹಂಗಂತ ಔಷಧಿ, ಕೌನ್ಸೆಲಿಂಗ್ ಬಿಡಿ ಅಂತಲ್ಲ, ಖಂಡಿತ ಬೇಕು. ಆದ್ರೆ ಮಾಜಿ ಸೈನಿಕರ ಸಂಘಗಳು ಆಗಸ್ಟ್ ಹದಿನೈದಕ್ಕೆ ಶಾಲು ಹೊದಿಸೋದ್ರ ಜೊತೆಗೆ ಗೋಡೆ ಮೇಲೆ ಚಿತ್ತಾರ ಬರೆಯೋ ಹೆಂಗಸರನ್ನ, ಮರ ಕೆತ್ತೋ ಗುಡಿಗಾರರನ್ನ ಕರೆಸಿ ತಿಂಗಳಿಗೊಂದು ದಿನ ಜೊತೇಲಿ ಕೂರಿಸಿದ್ರೆ ಏನು ಮಹಾ ಖರ್ಚು?

ಅಕ್ಕನ ಮದುವೆಗೆ ದೊಡ್ಡಮ್ಮ ಹಸೆ ಚಿತ್ತಾರ ಬರೀತಿದ್ರು. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಅರೆದ ಬಿಳಿ, ಪುಂಡಿ ನಾರಿನ ಕುಂಚ. ಬಣ್ಣದ ಕರಟ ಹಿಡ್ಕೊಳ್ಳಿ ಅಂತ ದೊಡ್ಡಪ್ಪನ್ನ ಕೂರಿಸಿದ್ರು, ಸಂಜೆ ಹೊತ್ತಿಗೆ ಅವ್ರೇ ಒಂದು ಎಳೆ ಎಳೀತಿದ್ರು, ಕೈ ನಡುಗಿ ಸೊಟ್ಟ ಆಯ್ತು, ದೊಡ್ಡಮ್ಮ ಅಳಿಸ್ಲಿಲ್ಲ. ಆಗ ದೊಡ್ಡಪ್ಪ ಗೋಡೆ ನೋಡ್ತಾನೇ ಅಂದ್ರು, “ಜಾಫ್ನಾದಲ್ಲಿ ನನ್ ಜೊತೆ ಒಬ್ಬ ಬಿಹಾರದ ಹುಡುಗ ಇದ್ದ. ಅವನ ಅಮ್ಮನೂ ಮದುವೆಗೆ ಗೋಡೆ ಮೇಲೆ ಬರೀತಿದ್ಲಂತೆ.”

ಇಪ್ಪತ್ತು ವರ್ಷದಲ್ಲಿ ಆ ಹುಡುಗನ ವಿಷಯ ನಾವು ಕೇಳಿದ್ದು ಅದೇ ಮೊದಲು. ದೊಡ್ಡಮ್ಮ ಕುಂಚ ಅದ್ದುತ್ತಾ “ಹೆಸರೇನು ಅವಂದು?” ಅಂದ್ರು.

ಗರ್ನಾಲಿಗೆ ದೊಡ್ಡಪ್ಪ ಈಗ್ಲೂ ಬೆಚ್ತಾರೆ. ಭೂಮಿ ಹುಣ್ಣಿಮೆ ಹಬ್ಬದ ಬುಟ್ಟಿಗೆ ಚಿತ್ತಾರ ಬರೆಯೋಕೆ ಮಾತ್ರ ಪ್ರತಿ ವರ್ಷ ಕೂರ್ತಾರೆ, ಪಕ್ಕದೂರಿನ ಇನ್ನೊಬ್ರು ಮಿಲಿಟ್ರಿಯವ್ರೂ ಬರ್ತಾರೆ.